ಯುಕುಲೆಲೆಯ ಮರವೂ ಮರದ ದಪ್ಪವೂ

ಯುಕುಲೆಲೆ ಕೊಳ್ಳಲು ಹೊರಟವರ ಕಿವಿಗೆ ಬೀಳುವ ಮೊದಲ ಬುದ್ಧಿಮಾತು ಒಂದೇ: ‘ದುಡ್ಡು ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ, ಸಾಲಿಡ್ ವುಡ್‌ದೇ ತಗೊಳ್ಳಿ.’ ಅಂಗಡಿಯವರೂ ಹೇಳುತ್ತಾರೆ, ಕಲಿಸುವವರೂ ಹೇಳುತ್ತಾರೆ, ಮೊನ್ನೆ ಮೊನ್ನೆ ನುಡಿಸಲು ಶುರು ಮಾಡಿದ ಗೆಳೆಯರೂ ಹೇಳುತ್ತಾರೆ. ಮಾತು ಸುಳ್ಳಲ್ಲ, ಆದರೆ ಅರ್ಧ ಮಾತು. ಅದನ್ನು ನಂಬಿ ಇಪ್ಪತ್ತು ಮೂವತ್ತು ಸಾವಿರ ಸುರಿದವರ ಮನೆಯಲ್ಲಿ ವಾದ್ಯ ವರ್ಷ ತುಂಬುವುದರೊಳಗೆ ಗೋಡೆಯ ಮೊಳೆ ಸೇರಿದ್ದನ್ನು ಕಂಡಾಗ ಬೇಸರವಾಗುತ್ತದೆ. ವಾದ್ಯದ ಮರ ಇಡಿಯದೋ (ಸಾಲಿಡ್) ಪದರದ್ದೋ (ಲ್ಯಾಮಿನೇಟ್) ಎಂಬುದು ನನ್ನ ಲೆಕ್ಕದಲ್ಲಿ ಮೂರನೆಯ ಪ್ರಶ್ನೆ. ಆ ಮರವನ್ನು ಎಷ್ಟು ತೆಳ್ಳಗೆ, ಎಷ್ಟು ಒಪ್ಪವಾಗಿ ಹದಕ್ಕೆ ತಂದಿದ್ದಾರೆ ಎಂಬುದು ಮೊದಲನೆಯದು. ವಾದ್ಯ ಇರಬೇಕಾದ ಮನೆಯ ಗಾಳಿ ಎಂಥದ್ದು ಎಂಬುದು ಎರಡನೆಯದು. ಈ ಎರಡಕ್ಕೂ ಉತ್ತರ ಸಿಕ್ಕ ಮೇಲೆ ಮರದ ಮಾತು ಆಡಿದರೆ ಅದಕ್ಕೆ ತೂಕವಿರುತ್ತದೆ.

ಇಡಿ ಮರದ ಪರವಾಗಿರುವ ನ್ಯಾಯವಾದ ವಾದವನ್ನು ಮೊದಲು ಒಪ್ಪಿಕೊಳ್ಳೋಣ. ದಿಮ್ಮಿಯಿಂದ ಸೀಳಿ ತೆಗೆದ ಹಲಗೆಯಲ್ಲಿ ನಾರೆಲ್ಲ ಒಂದೇ ದಿಕ್ಕಿಗೆ ಓಡುತ್ತದೆ. ಸ್ಪ್ರೂಸ್‌ನಂಥ ಮರ ನಾರಿನ ಉದ್ದಕ್ಕೆ ಇರುವಷ್ಟು ಬಿಗಿಯಾಗಿ ಅಡ್ಡಕ್ಕೆ ಇರುವುದಿಲ್ಲ. ವ್ಯತ್ಯಾಸ ಹತ್ತು ಪಟ್ಟಿಗೂ ಹೆಚ್ಚು. ತಂತಿಯ ಎಳೆತವನ್ನು ಉದ್ದದ ಬಿಗಿ ತಡೆಯುತ್ತದೆ, ಅಡ್ಡದ ಸಡಿಲ ಹಲಗೆಯನ್ನು ಕಂಪಿಸಲು ಬಿಡುತ್ತದೆ. ಪದರದ ಹಲಗೆಯಲ್ಲಿ ಸಾಮಾನ್ಯವಾಗಿ ಮೂರು ತೆಳು ಹಾಳೆಗಳಿರುತ್ತವೆ. ನಡುವಿನದರ ನಾರು ಅಡ್ಡಡ್ಡ, ನಡುನಡುವೆ ಅಂಟು. ಎರಡೂ ದಿಕ್ಕಿಗೆ ಬಿಗಿ ಬರುವುದರಿಂದ ಅದು ಗಟ್ಟಿ, ಆದರೆ ಕಂಪಿಸಲು ಮೊಂಡು. ಒಂದೇ ನಾಜೂಕಿನಿಂದ ಮಾಡಿದ ಎರಡು ವಾದ್ಯಗಳನ್ನು, ಒಂದು ಇಡಿ ಮರದ್ದು, ಇನ್ನೊಂದು ಪದರದ್ದು, ಒಂದರ ಹಿಂದೊಂದು ನುಡಿಸಿದರೆ ಮೊದಲನೆಯದರ ನಾದ ಹೆಚ್ಚು ಹೊತ್ತು ನಿಲ್ಲುತ್ತದೆ. ಬೆರಳು ಮೆತ್ತಗಾದಾಗ ಮೆತ್ತಗೆ, ಬಿರುಸಾದಾಗ ಬಿರುಸಾಗಿ ತಿರುಗಿ ಮಾತಾಡುತ್ತದೆ. ಇದನ್ನು ಕೇಳಿದವರು ಮತ್ತೆ ಹಿಂದಕ್ಕೆ ಹೋಗಲು ಒಪ್ಪುವುದಿಲ್ಲ, ನಾನೂ ಒಪ್ಪಲಾರೆ. ಆದರೆ ‘ಒಂದೇ ನಾಜೂಕಿನಿಂದ ಮಾಡಿದ’ ಎಂಬ ಷರತ್ತು ಅಂಗಡಿಯಲ್ಲಿ ಪೂರೈಸುವುದು ಅಪರೂಪ.

ಈ ನಾಜೂಕು ಇಷ್ಟು ಮುಖ್ಯವಾಗಲು ಕಾರಣ ತಂತಿಯಲ್ಲಿದೆ. ಲೋಹದ ತಂತಿಯ ಗಿಟಾರಿನ ಮೇಲೆ ಆರು ತಂತಿ ಸೇರಿ ಸುಮಾರು ಎಪ್ಪತ್ತು ಕಿಲೋ ಎಳೆತ ಹೇರುತ್ತವೆ. ಯುಕುಲೆಲೆಯ ನಾಲ್ಕು ನೈಲಾನ್ ತಂತಿಗಳು ಹೇರುವುದು ಹದಿನೈದರಿಂದ ಇಪ್ಪತ್ತು ಕಿಲೋ. ಅಷ್ಟು ಕಡಿಮೆ ಬಲದಲ್ಲಿ ಮೇಲ್ಹಲಗೆಯನ್ನು ಕುಣಿಸಬೇಕಾದರೆ ಆ ಹಲಗೆ ಎರಡು ಮಿಲಿಮೀಟರಿಗಿಂತ ತೆಳ್ಳಗಿರಬೇಕು, ಒಳಗಿನ ಆಧಾರಪಟ್ಟಿಗಳು ಹಗುರವಿರಬೇಕು. ದಪ್ಪ ಹಲಗೆಯ ಮೇಲೆ ಆ ತಂತಿಗಳ ಶಕ್ತಿ ಅಲ್ಲೇ ಇಂಗಿಹೋಗುತ್ತದೆ. ಮರ ಎಷ್ಟೇ ಜಾತಿವಂತವಾಗಿದ್ದರೂ ಸರಿಯೇ.

ಈ ಮಾತಿಗೆ ಇತಿಹಾಸದಲ್ಲೇ ಸಾಕ್ಷಿ ಇದೆ. ಅಮೆರಿಕದ ಮಾರ್ಟಿನ್ ಕಂಪನಿ 1833ರಿಂದ ಗಿಟಾರ್ ಮಾಡುತ್ತ ಬಂದ ಮನೆತನ. ಅವರು 1907ರ ಹೊತ್ತಿಗೆ ಮೊದಲ ಸಲ ಯುಕುಲೆಲೆಗೆ ಕೈ ಹಾಕಿದರು. ಗಿಟಾರಿನ ಅಭ್ಯಾಸದಂತೆಯೇ ಸ್ಪ್ರೂಸ್ ಮೇಲ್ಹಲಗೆ, ಒಳಗೆ ಭದ್ರವಾದ ಪಟ್ಟಿಗಳು. ಮರಕ್ಕೇನೂ ಕೊರತೆಯಿರಲಿಲ್ಲ, ಕೈಗಳಿಗೂ ಇರಲಿಲ್ಲ. ಆದರೂ ನಾದ ಸತ್ತಂತಿತ್ತು, ಕೊಳ್ಳುವವರು ಕೈಬಿಟ್ಟರು. ಸುಮಾರು ಹತ್ತು ವರ್ಷ ಬಿಟ್ಟು ಮಹಾಗನಿ ಹಲಗೆ, ತೀರ ಹಗುರವಾದ ಪಟ್ಟಿಗಳೊಂದಿಗೆ ಮತ್ತೆ ಮಾಡಿದಾಗ ಅದೇ ಕಂಪನಿಯ ಯುಕುಲೆಲೆಗಳು ಅಮೆರಿಕವನ್ನೆಲ್ಲ ತುಂಬಿಕೊಂಡವು; ಇವತ್ತಿಗೂ ಆ ಕಾಲದ ಮಾರ್ಟಿನ್‌ಗಳನ್ನು ಜನ ಹುಡುಕಿಕೊಂಡು ಹೋಗುತ್ತಾರೆ. ಸೋತದ್ದೂ ಇಡಿ ಮರದ್ದೇ, ಗೆದ್ದದ್ದೂ ಇಡಿ ಮರದ್ದೇ. ನಡುವೆ ಬದಲಾದದ್ದು ಮರದ ಜಾತಿ, ಅದಕ್ಕಿಂತ ಹೆಚ್ಚಾಗಿ ಕಟ್ಟಿನ ಭಾರ.

ಹವಾಯಿಯವರಿಗೆ ಈ ಪಾಠ ಕಲಿಸಬೇಕಾಗಿರಲಿಲ್ಲ. 1879ರ ಆಗಸ್ಟ್‌ನಲ್ಲಿ ‘ರೇವನ್ಸ್‌ಕ್ರಾಗ್’ ಎಂಬ ಹಡಗು ಪೋರ್ಚುಗಲ್ಲಿನ ಮಡೀರಾ ದ್ವೀಪದಿಂದ ಕಬ್ಬಿನ ತೋಟದ ಕೂಲಿಗಾಗಿ ಬಂದವರನ್ನು ಹೊನೊಲುಲುವಿನಲ್ಲಿ ಇಳಿಸಿತು. ಅವರಲ್ಲಿ ಮನುಯೆಲ್ ನೂನೆಸ್, ಆಗಸ್ಟೊ ಡಿಯಾಸ್, ಜೋಸೆ ದೊ ಎಸ್ಪಿರಿಟೊ ಸಾಂಟೊ ಎಂಬ ಮೂವರು ಮರಗೆಲಸದವರಿದ್ದರು. ತಮ್ಮೂರಿನ ಪುಟ್ಟ ನಾಲ್ಕು ತಂತಿಯ ವಾದ್ಯವನ್ನು ಅಲ್ಲಿಯ ಕೋವಾ ಮರದಲ್ಲಿ ಮಾಡತೊಡಗಿದರು; ಅದೇ ಯುಕುಲೆಲೆಯಾಯಿತು. ರಾಜ ಕಲಾಕೌವ ಅದಕ್ಕೆ ಅರಮನೆಯಲ್ಲಿ ಜಾಗ ಕೊಟ್ಟ. 1915ರ ಸ್ಯಾನ್‌ಫ್ರಾನ್ಸಿಸ್ಕೊ ಪ್ರದರ್ಶನದಲ್ಲಿ ಅಮೆರಿಕದವರು ಅದಕ್ಕೆ ಮರುಳಾದರು. ಮರುವರ್ಷವೇ ಸ್ಯಾಮ್ಯುಯಲ್ ಕಮಾಕ ಹೊನೊಲುಲುವಿನಲ್ಲಿ ಶುರು ಮಾಡಿದ ಕಾರ್ಖಾನೆ ಈಗಲೂ ಅವನ ಮನೆತನದವರ ಕೈಯಲ್ಲೇ ನಡೆಯುತ್ತಿದೆ. ಆ ಹಳೆಯ ವಾದ್ಯಗಳನ್ನು ಕೈಯಲ್ಲಿ ಹಿಡಿದರೆ ಮೊದಲು ಗಮನಕ್ಕೆ ಬರುವುದು ಅವುಗಳ ಹಗುರ. ಒಳಗೆ ಏನೂ ಇಲ್ಲವೇನೋ ಎನ್ನಿಸುವಷ್ಟು ಹಗುರ.

ಇಂದು ಮಧ್ಯಮ ಬೆಲೆಯ ಇಡಿ ಮರದ ಯುಕುಲೆಲೆಗಳಲ್ಲಿ ಇದೇ ಗುಣ ಕಾಣೆಯಾಗಿದೆ. ಕಾರ್ಖಾನೆಗೆ ಅದರದೇ ಭಯವಿದೆ: ಪೆಟ್ಟಿಗೆ ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗಬೇಕು, ಒಣ ಊರಿಗೂ ಹೋಗಬೇಕು, ತೇವದ ಊರಿಗೂ ಹೋಗಬೇಕು, ಸೀಳು ಬಿಟ್ಟು ವಾಪಸಾದರೆ ನಷ್ಟ. ಆದ್ದರಿಂದ ಹಲಗೆಯನ್ನು ಅಗತ್ಯಕ್ಕಿಂತ ದಪ್ಪ ಇಟ್ಟು, ಮೇಲೆ ದಪ್ಪ ಪಾಲಿಶ್ ಬಳಿದು ಕಳಿಸುತ್ತಾರೆ. ಅಂಥ ‘ಸಾಲಿಡ್’ ವಾದ್ಯಕ್ಕಿಂತ ತೆಳುವಾಗಿ, ಹಗುರವಾಗಿ ಮಾಡಿದ ಪದರದ ವಾದ್ಯ ಚೆನ್ನಾಗಿ ಮಾತಾಡುತ್ತದೆ. ಜಪಾನಿನ ಕಿವಾಯಾ ಕಂಪನಿಯ ಪದರದ ಯುಕುಲೆಲೆಗಳಿಗೆ ಹೆಸರು ಬಂದದ್ದು ಹೀಗೆ. ಇನ್ನೂ ದೂರ ಹೋಗಬಹುದು. ಪ್ಯಾರಿಸ್ಸಿನ ಸೆಲ್ಮರ್ ಕಂಪನಿಗೆ ಗಿಟಾರ್ ವಿನ್ಯಾಸ ಮಾಡಿಕೊಟ್ಟ ಮಾರಿಯೊ ಮಕಾಫೆರಿ 1949ರ ಸುಮಾರಿಗೆ ಪಾಲಿಸ್ಟೈರಿನ್ ಪ್ಲಾಸ್ಟಿಕ್ಕಿನಲ್ಲಿ ಯುಕುಲೆಲೆ ಅಚ್ಚು ಹಾಕಿ ಲಕ್ಷಗಟ್ಟಲೆ ಮಾರಿದ. ಅದು ಕಮಾಕದ ಸಾಟಿ ಎಂದು ನಾನು ಹೇಳುತ್ತಿಲ್ಲ. ಆದರೆ ವಾದ್ಯದ ಅಳತೆ, ತೆಳುವು ಬಲ್ಲವನ ಕೈಯಲ್ಲಿ ಪ್ಲಾಸ್ಟಿಕ್ಕೂ ಶ್ರುತಿಬದ್ಧವಾಗಿ ನುಡಿಯಿತು ಎಂಬುದು ಮರದ ಹೆಸರಷ್ಟನ್ನೇ ಕೇಳುವವರು ನೆನಪಿಡಬೇಕಾದ ಸಂಗತಿ.

ಈಗ ಮುದ್ರೆಗಳ ಕಡೆ ಬರೋಣ. ಮುದ್ರೆಯ ಜಗಳ ಇಂದಿನದಲ್ಲ. 1915ರ ಪ್ರದರ್ಶನದ ನಂತರ ಅಮೆರಿಕದ ಕಾರ್ಖಾನೆಗಳು ‘ಹವಾಯಿಯದ್ದು’ ಎಂದು ಹೇಳಿಕೊಂಡು ಮಾರತೊಡಗಿದಾಗ ಹವಾಯಿಯವರು ತಮ್ಮ ವಾದ್ಯಗಳಿಗೆ ರಾಜಲಾಂಛನದೊಂದಿಗೆ ‘ತಾಬು, ಮೇಡ್ ಇನ್ ಹವಾಯಿ’ ಎಂದು ಮುದ್ರೆ ಒತ್ತಿದರು. ಈಗಿನ ಮುದ್ರೆಗಳನ್ನು ಅಷ್ಟೇ ಎಚ್ಚರದಿಂದ ಓದಬೇಕು. ‘ಸಾಲಿಡ್ ಟಾಪ್’ ಎಂದಿದ್ದರೆ ಮೇಲ್ಹಲಗೆ ಮಾತ್ರ ಇಡಿ ಮರದ್ದು, ಪಕ್ಕ ಮತ್ತು ಬೆನ್ನು ಪದರದ್ದು. ‘ಆಲ್ ಸಾಲಿಡ್’ ಎಂದಿದ್ದರೆ ಮೂರೂ ಇಡಿ. ಬರೀ ‘ಮಹಾಗನಿ’ ಎಂದೋ ‘ಅಕೇಶಿಯಾ’ ಎಂದೋ ಬರೆದು ಸಾಲಿಡ್ ಎಂಬ ಮಾತೇ ಇಲ್ಲದಿದ್ದರೆ ಅದು ಪದರ ಎಂದೇ ತಿಳಿಯಬೇಕು. ಕಾಗದದಷ್ಟು ತೆಳುವಾದ ಮಹಾಗನಿ ಹೊರಗೆ, ಒಳಗೆ ಬೇರೇನೋ.

ಮಾತನ್ನು ನಂಬಬೇಕಿಲ್ಲ, ಕಣ್ಣನ್ನು ನಂಬಬಹುದು. ವಾದ್ಯವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಸೌಂಡ್ ಹೋಲಿನ ಅಂಚನ್ನು ಹತ್ತಿರದಿಂದ ನೋಡಿ. ಮೇಲ್ಮೈಯ ಒಂದು ಎಳೆಯನ್ನು ಆರಿಸಿಕೊಳ್ಳಿ. ಆ ಎಳೆ ಅಂಚಿಗೆ ಬಂದು, ಹಲಗೆಯ ದಪ್ಪದಲ್ಲಿ ನೇರ ಇಳಿದು ಒಳಮೈಗೆ ಸೇರಿದ್ದರೆ ಅದು ಇಡಿ ಮರ. ಅಂಚಿನಲ್ಲಿ ಎಳೆ ತುಂಡಾಗಿ, ನಡುವೆ ಬೇರೆ ಬಣ್ಣದ ಗೆರೆಯೊಂದು ಸುತ್ತ ಓಡುತ್ತಿದ್ದರೆ ಪದರ. ಅಂಚಿಗೆ ಪಟ್ಟಿ ಕಟ್ಟಿಯೋ ಕಪ್ಪು ಬಣ್ಣ ಬಳಿದೋ ಇದ್ದರೆ ಈ ಪರೀಕ್ಷೆ ನಡೆಯುವುದಿಲ್ಲ. ಆಗ ಬೆನ್ನಿನ ಹೊರಗಡೆ ಒಂದು ಸುಳಿಯನ್ನೋ ಕಪ್ಪು ಗೆರೆಯನ್ನೋ ಗುರುತಿಟ್ಟುಕೊಂಡು, ಮೊಬೈಲಿನ ಟಾರ್ಚನ್ನು ರಂಧ್ರದೊಳಗೆ ಬಿಟ್ಟು ಅದೇ ಜಾಗದಲ್ಲಿ ಒಳಗೂ ಅದು ಇದೆಯೇ ನೋಡಬೇಕು. ಒಳಗಡೆ ಎಳೆಯೇ ಇಲ್ಲದ ಬೋಳು ಮರ ಕಂಡರೆ ಹೆಚ್ಚಿನ ಮಾತು ಬೇಡ.

ಇನ್ನು ಯಾವ ಮರ? ಇಲ್ಲಿ ಮಾರಾಟಗಾರರ ಕವಿತ್ವ ಹರಿಯುತ್ತದೆ: ಕೋವಾ ಬೆಚ್ಚಗೆ, ಸ್ಪ್ರೂಸ್ ಹೊಳಪು, ಬೀಟೆ ಗಂಭೀರ. ಮೇಲ್ಹಲಗೆಯ ವಿಷಯದಲ್ಲಿ ಇದರಲ್ಲಿ ಸತ್ಯಾಂಶವಿದೆ. ಸ್ಪ್ರೂಸ್ ಹಲಗೆಯ ಟೆನರ್ ಗಾತ್ರದ ಯುಕುಲೆಲೆಯ ಸದ್ದು ಮಹಾಗನಿಯದಕ್ಕಿಂತ ಜೋರು, ಬಿಡಿಬಿಡಿ ಸ್ವರ ಸ್ಪಷ್ಟ. ಬೆನ್ನು, ಪಕ್ಕದ ಮರದ ಬಗ್ಗೆ ಮಾತ್ರ ನನಗೆ ಅನುಮಾನ. 2018ರಲ್ಲಿ ಪ್ರಕಟವಾದ ಲಂಕಾಸ್ಟರ್ ವಿಶ್ವವಿದ್ಯಾಲಯದ ಅಧ್ಯಯನವೊಂದಕ್ಕಾಗಿ ಬೆನ್ನು-ಪಕ್ಕದ ಮರ ಮಾತ್ರ ಬೇರೆಯಾಗಿರುವ, ಉಳಿದೆಲ್ಲ ಒಂದೇ ಆಗಿರುವ ಆರು ಗಿಟಾರುಗಳನ್ನು ಮಾಡಿಸಿದರು. ಬೆಲೆಬಾಳುವ ಬ್ರೆಜಿಲ್ ಬೀಟೆ, ನಮ್ಮ ಬೀಟೆ, ಮಹಾಗನಿ, ಮೇಪಲ್, ವಾಲ್‌ನಟ್, ಅಗ್ಗದ ಸಪೇಲೆ ಎಲ್ಲವೂ ಇದ್ದವು. 52 ಮಂದಿ ಗಿಟಾರ್ ವಾದಕರು ಕಣ್ಣಿಗೆ ಕಾಣದಂತೆ ಕನ್ನಡಕ ಹಾಕಿಕೊಂಡು ನುಡಿಸಿ ಅಂಕ ಕೊಟ್ಟರು. ಆರಕ್ಕೂ ಹೆಚ್ಚುಕಡಿಮೆ ಒಂದೇ ಅಂಕ ಬಿತ್ತು. ಗಿಟಾರಿನ ಫಲಿತಾಂಶವನ್ನು ಯುಕುಲೆಲೆಗೆ ಇದ್ದಂತೆಯೇ ಅನ್ವಯಿಸುವಾಗ ಎಚ್ಚರ ಬೇಕು, ಒಪ್ಪಿದೆ. ಆದರೆ ಬೆನ್ನಿನ ಮರಕ್ಕಾಗಿ ಹತ್ತು ಸಾವಿರ ಹೆಚ್ಚು ಕೊಡಿ ಎನ್ನುವವರೇ ಈಗ ಪುರಾವೆ ಕೊಡಬೇಕಾಗುತ್ತದೆ.

ಈ ಮಾತಿಗೆ ನಮ್ಮ ಮಟ್ಟಿಗೆ ಇನ್ನೊಂದು ಮುಖವಿದೆ. ಬ್ರೆಜಿಲ್ ಬೀಟೆ ಸಿಗುವುದು ಕಷ್ಟವಾದಾಗ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಗೆ ತಿರುಗಿತು, ಉಳಿದವರೂ ಹಿಂಬಾಲಿಸಿದರು. ಪಶ್ಚಿಮ ಘಟ್ಟದ ಬೀಟೆ ಹೀಗೆ ಲೋಕದ ಗಿಟಾರುಗಳ ಬೆನ್ನಾಯಿತು, ಯುಕುಲೆಲೆಗಳ ಬೆರಳುಪಟ್ಟಿಯೂ ಬ್ರಿಡ್ಜೂ ಆಯಿತು. 2017ರ ಜನವರಿಯಲ್ಲಿ ಬೀಟೆಯ ಕುಲ ಹೆಚ್ಚುಕಡಿಮೆ ಎಲ್ಲವೂ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಎರಡನೆಯ ಪಟ್ಟಿಗೆ ಸೇರಿತು. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತೇ ಹೊರತು ಮರ ಪಟ್ಟಿಯಿಂದ ಹೊರಬಂದಿಲ್ಲ. ಬೆಳೆಯಲು ತಲೆಮಾರುಗಳೇ ಬೇಕಾದ ಮರವನ್ನು ಕಿವಿಗೆ ಗೊತ್ತಾಗದ ವ್ಯತ್ಯಾಸಕ್ಕಾಗಿ ಕೇಳಿ ಕೇಳಿ ಕೊಳ್ಳುವುದರಲ್ಲಿ ನನಗೆ ನ್ಯಾಯ ಕಾಣುವುದಿಲ್ಲ.

ಕೋವಾದ ಕಥೆಯೂ ದೂರದ್ದಲ್ಲ. ಅದು ಹವಾಯಿ ದ್ವೀಪಗಳಲ್ಲಿ ಬಿಟ್ಟರೆ ಸಹಜವಾಗಿ ಬೇರೆಲ್ಲೂ ಬೆಳೆಯದ ಅಕೇಶಿಯಾ. ಮಲೆನಾಡು, ಕರಾವಳಿಯ ನೆಡುತೋಪುಗಳಲ್ಲಿ ನಾವು ನೋಡುವ ಅಕೇಶಿಯಾದ ಕುಡುಗೋಲಿನಂಥ ಎಲೆ ನೆನಪಿದೆಯಲ್ಲ, ಕೋವಾದ ಬೆಳೆದ ಎಲೆಯೂ ಅದೇ ಆಕಾರ. ಎರಡೂ ದೂರದ ದಾಯಾದಿಗಳು. ಹವಾಯಿಯ ಕೋವಾ ಕಾಡುಗಳ ದೊಡ್ಡ ಪಾಲು ದನಗಳ ಹುಲ್ಲುಗಾವಲಿಗೆ ಹೋಗಿದೆ. ಉಳಿದ ಮರದಲ್ಲಿ ಮಾಡಿದ ಅಲ್ಲಿಯ ವಾದ್ಯ ಇಲ್ಲಿಗೆ ತಲುಪುವ ಹೊತ್ತಿಗೆ ಲಕ್ಷದ ಆಸುಪಾಸಿಗೆ ಹೋಗುತ್ತದೆ. ಇಲ್ಲಿ ಹದಿನೈದು ಸಾವಿರಕ್ಕೆ ‘ಕೋವಾ’ ಎಂದು ಮಾರುವುದು ಬಹುತೇಕ ಕೋವಾದ ತೆಳು ಹಾಳೆ ಅಂಟಿಸಿದ ಪದರ, ಇಲ್ಲವೇ ಏಷ್ಯಾದ ಬೇರೆ ಅಕೇಶಿಯಾ. ಏಷ್ಯಾದ ಅಕೇಶಿಯಾ ಕೆಟ್ಟ ಮರವೇನಲ್ಲ, ಹೆಸರು ಸರಿಯಾಗಿ ಹೇಳಿ ಮಾರಿದರೆ ಸಾಕು.

ಮನೆಯ ಗಾಳಿಯ ಎರಡನೆಯ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ನಮ್ಮಲ್ಲಿ ವಾದ್ಯ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಇಡಿ ಮರ ಗಾಳಿಯ ತೇವ ಹೀರಿ ಅಡ್ಡಕ್ಕೆ ಹಿಗ್ಗುತ್ತದೆ, ತೇವ ಬಿಟ್ಟು ಅಡ್ಡಕ್ಕೆ ಕುಗ್ಗುತ್ತದೆ. ಉದ್ದಕ್ಕೆ ಬದಲಾಗುವುದು ಅತ್ಯಲ್ಪ. ವಾದ್ಯ ತಯಾರಕರು ಸಾಮಾನ್ಯವಾಗಿ ಬಯಸುವುದು ಶೇಕಡ 45ರಿಂದ 55ರ ಆರ್ದ್ರತೆ. ಮಂಗಳೂರಿನ ಜುಲೈಯಲ್ಲಿ ಅದು 85 ದಾಟಿರುತ್ತದೆ. ಬೆಂಗಳೂರಿನಲ್ಲಿ ಮಾರ್ಚಿನ ಮಧ್ಯಾಹ್ನ 30ರ ಕೆಳಗೆ ಇಳಿಯುವುದು ಹೊಸದೇನಲ್ಲ, ಕಲಬುರಗಿಯ ಬೇಸಿಗೆಯ ಮಾತು ಬೇರೆ ಹೇಳಬೇಕಿಲ್ಲ. ಒಂದು ಗೇಣಗಲದ ಟೆನರ್ ಹಲಗೆ 50ರಿಂದ 30ಕ್ಕೆ ಒಣಗಿದಾಗ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಕುಗ್ಗಲು ಹೊರಡುತ್ತದೆ. ಸುತ್ತ ಪಕ್ಕಕ್ಕೆ, ಒಳಗೆ ಅಡ್ಡಪಟ್ಟಿಗೆ ಅಂಟಿಕೊಂಡಿರುವುದರಿಂದ ಅದಕ್ಕೆ ಕುಗ್ಗಲು ಎಡೆಯಿಲ್ಲ. ಆಗ ಹಲಗೆ ಒಳಕ್ಕೆ ಜಗ್ಗುತ್ತದೆ, ತಂತಿ ಫ್ರೆಟ್ಟಿಗೆ ತಾಗಿ ಝೇಂಕರಿಸುತ್ತದೆ, ಕೊನೆಗೊಂದು ದಿನ ಬ್ರಿಡ್ಜಿನ ಹಿಂದೆ ಕೂದಲೆಳೆಯ ಸೀಳು ಕಾಣಿಸಿಕೊಳ್ಳುತ್ತದೆ. ಮಳೆಗಾಲದ ಕರಾವಳಿಯಲ್ಲಿ ಇದರ ತಿರುಗುಮುರುಗು: ಹಲಗೆ ಉಬ್ಬಿ ತಂತಿ ಮೇಲೇರಿ ಬೆರಳಿಗೆ ನೋವು, ನಾದ ಮಂಕು. ಒಣಗಿದ್ದನ್ನು ಕೈಯೇ ಹೇಳುತ್ತದೆ. ಕುತ್ತಿಗೆಯ ಅಂಚಿನುದ್ದಕ್ಕೂ ಹೆಬ್ಬೆರಳು ಎಳೆದರೆ ಫ್ರೆಟ್ಟಿನ ತುದಿಗಳು ಚುಚ್ಚುತ್ತವೆ. ಲೋಹ ಕುಗ್ಗುವುದಿಲ್ಲ, ಅದನ್ನು ಹಿಡಿದ ಮರ ಕುಗ್ಗಿದೆ.

ಆದ್ದರಿಂದ ಇಡಿ ಮರದ ವಾದ್ಯ ಕೊಂಡರೆ ಅದರ ಜೊತೆಗೆ ಗಟ್ಟಿ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಪುಟ್ಟ ಹೈಗ್ರೋಮೀಟರ್, ಬೇಸಿಗೆಯಲ್ಲಿ ತೇವ ಕೊಡುವ, ಮಳೆಗಾಲದಲ್ಲಿ ಹೀರುವ ಪೊಟ್ಟಣ ಇವೂ ಬೇಕು. ಗೋಡೆಗೆ ನೇತುಹಾಕುವ ಆಸೆ ಬಿಡಬೇಕು. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಹೋಗಬಾರದು, ಅಂಟು ಸಡಿಲವಾಗುತ್ತದೆ. ಇಷ್ಟು ಮಾಡುವ ಮನಸ್ಸಿಲ್ಲ ಎಂದರೆ ಅದು ತಪ್ಪಲ್ಲ. ಪುಟ್ಟ ಮಕ್ಕಳಿರುವ ಮನೆ, ಪ್ರಯಾಣ, ಶಾಲೆಯ ಸಂಗೀತದ ಕೋಣೆ ಇವುಗಳಿಗೆ ಒಳ್ಳೆಯ ಪದರದ ಯುಕುಲೆಲೆಯೇ ವಿವೇಕದ ಆಯ್ಕೆ. ಅದನ್ನು ಕೊಂಡವರನ್ನು ಕಡಿಮೆಯವರೆಂದು ಕಾಣುವ ಅಭ್ಯಾಸ ನಿಲ್ಲಬೇಕು.

ಅಂಗಡಿಯಲ್ಲಿ ನಿಂತಾಗ ಮಾಡಬೇಕಾದ ಪರೀಕ್ಷೆಗಳಲ್ಲಿ ನಾನು ಎಲ್ಲಕ್ಕಿಂತ ಮೇಲಿಡುವುದು ಶ್ರುತಿಯದು. ಟ್ಯೂನರ್ ಕ್ಲಿಪ್ ಸಿಕ್ಕಿಸಿ ನಾಲ್ಕೂ ತಂತಿಗಳನ್ನು ಜಿ, ಸಿ, ಇ, ಎ ಸ್ವರಗಳಿಗೆ ಕೂಡಿಸಿ. ಆಮೇಲೆ ಇ ತಂತಿಯನ್ನು ಮೊದಲ ಫ್ರೆಟ್ಟಿನಲ್ಲಿ ಒತ್ತಿ. ಎಫ್ ಬರಬೇಕು. ಮುಳ್ಳು ಎಫ್ ದಾಟಿ ಬಲಕ್ಕೆ ವಾಲಿದರೆ ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ನಟ್ಟಿನ ಕಚ್ಚನ್ನು ಸಾಕಷ್ಟು ಕೊರೆದಿಲ್ಲ, ತಂತಿ ಎತ್ತರದಲ್ಲಿ ಕೂತಿದೆ ಎಂದರ್ಥ. ಕಲಿಯುವವರಿಗೆ ಸಿ ಕಾರ್ಡ್ ಹಿತವಾಗಿ ಕೇಳಿ ಎಫ್ ಕಾರ್ಡ್ ಮಾತ್ರ ಅಪಶ್ರುತಿ ಎನಿಸುವುದು ಈ ಕಾರಣಕ್ಕೆ. ಸಿ ಕಾರ್ಡಿನಲ್ಲಿ ಬೆರಳು ಬೀಳುವುದು ನಟ್ಟಿನಿಂದ ದೂರ, ಮೂರನೆಯ ಫ್ರೆಟ್ಟಿನಲ್ಲಿ. ಎಫ್‌ನಲ್ಲಿ ಅದು ಮೊದಲ ಫ್ರೆಟ್ಟಿಗೇ ಬರುತ್ತದೆ. ದೋಷ ವಾದ್ಯದ್ದು, ಬೈಸಿಕೊಳ್ಳುವುದು ಬೆರಳು. ಮುಂದೆ ಹನ್ನೆರಡನೆಯ ಫ್ರೆಟ್ಟಿನ ನೇರಕ್ಕೆ ತಂತಿಯನ್ನು ಹಗುರ ಮುಟ್ಟಿ ಮೀಟಿ, ಅದೇ ಜಾಗದಲ್ಲಿ ಒತ್ತಿ ಮೀಟಿ. ಎರಡೂ ಒಂದೇ ಸ್ವರವಾಗಬೇಕು. ಅಲ್ಲಿ ತಂತಿಗೂ ಫ್ರೆಟ್ಟಿಗೂ ಎರಡೂವರೆ ಮಿಲಿಮೀಟರ್ ಅಂತರವಿದ್ದರೆ ಹದ. ನಟ್ಟಿನ ಕೊರತೆಯನ್ನು ಬಲ್ಲ ರಿಪೇರಿಯವರು ಅರ್ಧ ತಾಸಿನಲ್ಲಿ ಸರಿಮಾಡುತ್ತಾರೆ. ಸೊಟ್ಟ ಕುತ್ತಿಗೆಯನ್ನು, ತಪ್ಪಾದ ಜಾಗದಲ್ಲಿ ಅಂಟಿಸಿದ ಬ್ರಿಡ್ಜನ್ನು ಸರಿಮಾಡುವುದು ಹಾಗಲ್ಲ. ಅಂಥದ್ದನ್ನು ಮರ ಯಾವುದೇ ಇರಲಿ, ಅಲ್ಲೇ ಬಿಟ್ಟು ಬರಬೇಕು.

‘ಈಗ ಮಂಕಾಗಿದ್ದರೇನು, ಇಡಿ ಮರ ನುಡಿಸುತ್ತ ನುಡಿಸುತ್ತ ತೆರೆದುಕೊಳ್ಳುತ್ತದೆ’ ಎಂಬ ಸಮಾಧಾನ ಈ ಹಂತದಲ್ಲಿ ಬರುತ್ತದೆ. ವರ್ಷಗಳು ಕಳೆದಂತೆ ಮರ ಬದಲಾಗುವುದು ನಿಜ. ವಾದಕರ ಕೈ, ಕಿವಿ ಎರಡೂ ಅಷ್ಟೇ ಕಾಲದಲ್ಲಿ ಪಳಗುತ್ತವೆ ಎಂಬುದೂ ನಿಜ. ಯಾವುದರ ಪಾಲು ಎಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಆದರೆ ದಪ್ಪ ಹಲಗೆ ವಯಸ್ಸಾದಂತೆ ತೆಳ್ಳಗಾಗುವುದಿಲ್ಲ. ಒಳ್ಳೆಯದು ಇನ್ನಷ್ಟು ಒಳ್ಳೆಯದಾಗಬಹುದು ಎಂದು ನಂಬಿ ಕೊಳ್ಳಿ. ಮಂಕಾದದ್ದು ಒಳ್ಳೆಯದಾಗುತ್ತದೆ ಎಂದು ನಂಬಿ ಕೊಳ್ಳಬೇಡಿ.

ಮೊದಲ ವಾದ್ಯಕ್ಕೆ ಆರೇಳು ಸಾವಿರದ ಒಳ್ಳೆಯ ಪದರದ ಕನ್ಸರ್ಟ್ ಗಾತ್ರದ ಯುಕುಲೆಲೆ, ನಟ್ಟು, ತಂತಿಯ ಎತ್ತರ ಹದ ಮಾಡಿಸುವ ಸೆಟಪ್, ಒಳ್ಳೆಯ ತಂತಿ. ವರ್ಷ ನುಡಿಸಿದ ಮೇಲೂ ಕೈ ಬಿಡದಿದ್ದರೆ, ಆಗ ಇಪ್ಪತ್ತೈದು ಮೂವತ್ತು ಸಾವಿರ ಹಿಡಿದು ಇಡಿ ಮರದ್ದನ್ನು ಹುಡುಕಬೇಕು. ಅಷ್ಟು ಹೊತ್ತಿಗೆ ಬೇಕಾದ್ದು ಜೋರು ಸದ್ದೋ, ಮೆದು ನಾದವೋ ಎಂದು ಕಿವಿಗೆ ಗೊತ್ತಾಗಿರುತ್ತದೆ. ಕೈಗೆ ಸೊಪ್ರಾನೊ ಗಾತ್ರ ಒಗ್ಗುತ್ತದೋ ಟೆನರೋ ಎಂಬುದೂ.

ಮರದ ಹೆಸರಿಗಿಂತ ಕೈಗೆಲಸ ಮುಖ್ಯ ಎಂಬ ಮಾತನ್ನು ಒಪ್ಪಿದರೆ ನಮ್ಮ ನೆಲದಲ್ಲೇ ಒಂದು ದಾರಿ ಕಾಣುತ್ತದೆ. ದಕ್ಷಿಣ ಏಷ್ಯಾ ಮೂಲದ ಮಾವಿನ ಮರದಲ್ಲಿ ಹವಾಯಿಯ ಪೋನೋ ಕಂಪನಿ ಯುಕುಲೆಲೆ ಮಾಡಿ ಮಾರಿದೆ. ಹಣ್ಣು ನಿಂತ ಹಳೆಯ ಮರಗಳನ್ನು ನಾವು ಇಲ್ಲಿ ಪ್ಯಾಕಿಂಗ್ ಪೆಟ್ಟಿಗೆಗೆ ಕಡಿಯುತ್ತೇವೆ. ದೊಡ್ಡಬಳ್ಳಾಪುರದ ಬಳಿಯ ಸಿಂಪಾಡಿಪುರದಲ್ಲಿ ಹಲಸಿನ ಮರದಿಂದ ವೀಣೆ ಕೊರೆಯುವ ಕೈಗಳಿವೆ. ತಟ್ಟಿ ನೋಡಿ ಹಲಗೆಯ ಹದ ಹೇಳಬಲ್ಲ ಆ ಕೈಗಳಿಗೆ ಎರಡು ಮಿಲಿಮೀಟರಿಗಿಂತ ತೆಳುವಾದ ಹಲಗೆ ಮಾಡುವುದು, ಅದನ್ನು ಬಿಸಿಯಲ್ಲಿ ಬಗ್ಗಿಸುವುದು ಹೊಸ ಕೆಲಸವಿರಬಹುದು, ಆದರೆ ಕಲಿಯಲಾಗದ ಕೆಲಸವಲ್ಲ. ಲಕ್ಷ ಕೊಟ್ಟು ಹವಾಯಿಯಿಂದ ತರಿಸಲು ಸಿದ್ಧರಿರುವವರಲ್ಲಿ ಒಬ್ಬಿಬ್ಬರಾದರೂ ಅದರ ಕಾಲು ಭಾಗವನ್ನು ಮುಂಗಡ ಕೊಟ್ಟು, ಹಲಸಿನ ತೆಳು ಹಲಗೆಯ ಟೆನರ್ ಒಂದನ್ನು ಮಾಡಿಕೊಡಿ ಎಂದು ಅಲ್ಲಿಗೆ ಹೋಗಿ ಕೇಳಬೇಕು.